ಅವಳ ಕಾಯಿಲೆಯನ್ನು ಅವಳಿಗೇ ಹೇಳಿ

ಕೊಡಗು ಜಿಲ್ಲಾ ಆರೋಗ್ಯ ಅಧಿಕಾರಿಗಳಿಗೆ, ನಮ್ಮ ಜಿಲ್ಲೆಯ ಡಾಕ್ಟರ್‌ಗಳಿಗೆ, ಮನೆಯಲ್ಲಿ ವರ್ಷಗಟ್ಟಲೆ ಕಾಯಿಲೆಯ ಜೊತೆ ಬದುಕುತ್ತಿರುವ ಹೆಣ್ಣುಮಗಳಿರುವ ಎಲ್ಲರಿಗೂ,

ನಮಸ್ಕಾರ.

ನನಗೆ ರುಮಟಾಯ್ಡ್ ಆರ್ಥ್ರೈಟಿಸ್ ಇದೆ. ನಮ್ಮ ಕಡೆ ವಾತ, ಗಂಟುನೋವು ಅಂತ ಹೇಳಿ ಮುಗಿಸಿಬಿಡುತ್ತಾರೆ. ಇದು ಒಮ್ಮೆ ಬಂದರೆ ಪೂರ್ತಿ ಹೋಗುವ ಕಾಯಿಲೆ ಅಲ್ಲ. ಆದರೆ ಬೇಗ ಗೊತ್ತಾಗಿ ಸರಿಯಾದ ಮಾತ್ರೆ ಶುರುವಾದರೆ ಹಿಡಿತದಲ್ಲಿ ಇಡಬಹುದು, ಕೆಲವರು ನೋವೇ ಇಲ್ಲದ ಹಾಗೆ ವರ್ಷಗಟ್ಟಲೆ ಇರುತ್ತಾರೆ. ಈ ಎರಡೂ ಮಾತನ್ನು ಒಟ್ಟಿಗೆ, ನನ್ನ ಮುಖ ನೋಡಿ, ಯಾರಾದರೂ ಹೇಳಲಿ ಅಂತ ನಾನು ಬಹಳ ಕಾಲ ಕಾಯಬೇಕಾಯಿತು. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಈಗೀಗ ಎಲ್ಲರೂ ಹೆಂಗಸರಿಗೆ ಒಂದು ಬುದ್ಧಿಮಾತು ಹೇಳುತ್ತಾರೆ. ನಿನ್ನನ್ನು ನೀನು ಒಪ್ಪಿಕೋ, ನಿನ್ನ ಮೈಯನ್ನು ಪ್ರೀತಿಸು. ಸರಿ, ಒಪ್ಪಿಕೊಳ್ಳೋಣ. ಆದರೆ ಏನನ್ನು ಅಂತ ಹೇಳಬೇಕಲ್ವಾ? ನನಗೆ ಏನಾಗಿದೆ ಅನ್ನುವುದೇ ನನಗೆ ಗೊತ್ತಿಲ್ಲದಿದ್ದರೆ ನಾನು ಒಪ್ಪಿಕೊಳ್ಳುವುದಾದರೂ ಯಾವುದನ್ನು? ಕಾಯಿಲೆಯ ವಿಷಯ ಗಂಡನಿಗೆ ಗೊತ್ತಿರುತ್ತದೆ, ಅಪ್ಪನಿಗೆ ಗೊತ್ತಿರುತ್ತದೆ, ಫೈಲು ಹಿಡಿದುಕೊಂಡು ಬಂದ ಭಾವನಿಗೂ ಗೊತ್ತಿರುತ್ತದೆ. ಅವಳಿಗೆ ಮಾತ್ರ "ಏನಿಲ್ಲ, ಸ್ವಲ್ಪ ವೀಕ್‌ನೆಸ್, ಮಾತ್ರೆ ತಗೋ, ಸರಿ ಹೋಗುತ್ತೆ" ಎನ್ನುವ ಉತ್ತರ.

ನನಗೆ ಆದದ್ದೂ ಇದೇ. ಹೆಸರು ಹೇಳುವುದಿಲ್ಲ, ಆ ಆಸ್ಪತ್ರೆಯನ್ನು ದೂರುವುದು ನನ್ನ ಉದ್ದೇಶವೂ ಅಲ್ಲ. ಡಾಕ್ಟರು ರಿಪೋರ್ಟ್ ನೋಡಿದರು. ನನ್ನ ಬೆರಳಿನ ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ, ಎಲ್ಲಿ ನೋವು ಅಂತ ಕೇಳಿದರು. ಆಮೇಲೆ ನನ್ನ ಹಿಂದೆ ನಿಂತಿದ್ದ ಗಂಡನ ಕಡೆ ತಲೆ ಎತ್ತಿ, "ಇವರಿಗೆ ಸ್ವಲ್ಪ ವಾತ ಇದೆ, ಭಾರ ಎತ್ತಬಾರದು ಅಂತ ಹೇಳಿ" ಅಂದರು. ಸ್ಟೂಲಿನ ಮೇಲೆ ಕೂತಿದ್ದವಳು ನಾನು. ಕೈ ಇನ್ನೂ ಅವರ ಮೇಜಿನ ಮೇಲೇ ಇತ್ತು. ಹೊರಗೆ ಬಾಗಿಲ ತನಕ ಜನ ನಿಂತಿದ್ದರು, ಅವರಿಗೂ ಪುರುಸೊತ್ತು ಇರಲಿಲ್ಲ, ಅದು ನನಗೆ ಅರ್ಥವಾಗುತ್ತದೆ. ಆದರೆ ಆ ಒಂದು ವಾಕ್ಯವನ್ನು ನನಗೆ ಹೇಳುವುದಕ್ಕೂ ಗಂಡನಿಗೆ ಹೇಳುವುದಕ್ಕೂ ಹಿಡಿಯುವ ಸಮಯ ಒಂದೇ.

ಮನೆಗೆ ಹೋದ ಮೇಲೆ "ಸ್ವಲ್ಪ ವಾತ" ಅನ್ನುವುದು ನನ್ನ ಹಣೆಗೆ ಅಂಟಿಕೊಂಡಿತು. ಸ್ವಲ್ಪ ಅಂದ ಮೇಲೆ ಬೇಗ ಗುಣವಾಗಬೇಕಲ್ಲ? ಆಗಲಿಲ್ಲ. ಯಾಕೆ ಆಗಲಿಲ್ಲ ಅನ್ನುವುದಕ್ಕೆ ಬಂದವರೆಲ್ಲ ಒಂದೊಂದು ಕಾರಣ ಕೊಟ್ಟರು. ಬಾಣಂತನದಲ್ಲಿ ತಣ್ಣೀರು ಮುಟ್ಟಿರಬೇಕು. ನಾಟಿ ಸಮಯದಲ್ಲಿ ಗದ್ದೆಯಲ್ಲಿ ನೆನೆದಿರಬೇಕು. ಬದನೆಕಾಯಿ ತಿನ್ನಬಾರದಿತ್ತು. ಹರಕೆ ಬಾಕಿ ಇರಬೇಕು. ಯೋಚನೆ ಜಾಸ್ತಿ ಮಾಡ್ತಾಳೆ, ಅದಕ್ಕೇ. ಇವುಗಳಲ್ಲಿ ಒಂದು ವಿಷಯ ಗಮನಿಸಿ: ಪ್ರತಿ ಕಾರಣವೂ ಕೊನೆಗೆ ಬಂದು ನಿಲ್ಲುವುದು ಹೆಂಗಸಿನ ಮೇಲೇ. ಅವಳು ಏನೋ ಮಾಡಿದ್ದಾಳೆ, ಇಲ್ಲವೇ ಮಾಡಬೇಕಾದ್ದನ್ನು ಬಿಟ್ಟಿದ್ದಾಳೆ. ಹೀಗೆ ದಿನಾ ಕೇಳುವವಳು ತನ್ನ ಮೈಯನ್ನು ದ್ವೇಷಿಸದೆ ಇನ್ನೇನು ಮಾಡುತ್ತಾಳೆ?

ಕೊನೆಗೆ ಮೈಸೂರಿನಲ್ಲಿ ಒಬ್ಬ ಡಾಕ್ಟರಮ್ಮ ಚೀಟಿಯ ಹಿಂದೆ ಪೆನ್ನಿನಿಂದ ಕೀಲಿನ ಚಿತ್ರ ಬರೆದು ತೋರಿಸಿದರು. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ತಪ್ಪಿ ಕೀಲಿನ ಒಳಪದರದ ಮೇಲೆ ಬೀಳುತ್ತದೆ, ಅಲ್ಲಿ ಊತ ಬರುತ್ತದೆ, ಸುಮ್ಮನೆ ಬಿಟ್ಟರೆ ಪಕ್ಕದ ಮೂಳೆಯೂ ಸವೆಯುತ್ತದೆ, ಅದು ಆಗದಿರಲಿ ಅಂತಲೇ ಈ ಮಾತ್ರೆ ಅಂದರು. ನೀವು ಮಾಡಿದ ಯಾವ ತಪ್ಪಿನಿಂದಲೂ ಇದು ಬಂದಿಲ್ಲ ಅಂದರು. ಜೀವನಪೂರ್ತಿ ಜೊತೆಗಿರುತ್ತದೆ ಅಂತಲೂ ಹೇಳಿದರು. ನಾನು ಅಲ್ಲೇ ಅತ್ತೆ. ಅವರು ಗಾಬರಿಯಾದರು. ಆದರೆ ಅದು ದುಃಖದ ಅಳು ಆಗಿರಲಿಲ್ಲ. ಕೆಟ್ಟ ಸುದ್ದಿಯಾದರೂ ಅದು ನನ್ನ ಸುದ್ದಿ, ನನಗೇ ಬಂದು ತಲುಪಿತ್ತು.

ನಾನು ನನ್ನ ಜೊತೆ ರಾಜಿಯಾಗಲು ಶುರು ಮಾಡಿದ್ದು ಅಲ್ಲಿಂದ. ಅದಕ್ಕೇ ನನ್ನ ಮೊದಲ ಬೇಡಿಕೆ, ಉಳಿದ ಎಲ್ಲದಕ್ಕಿಂತ ಮುಖ್ಯವಾದ ಬೇಡಿಕೆ, ಇದೇ. ಹೆಂಗಸಿನ ಕಾಯಿಲೆಯನ್ನು ಆ ಹೆಂಗಸಿಗೇ ಹೇಳಿ. ಮನೆಯವರು ಜೊತೆಗಿರಲಿ, ಬೇಡ ಅನ್ನುತ್ತಿಲ್ಲ. ಆದರೆ ಮೊದಲು ಅವಳಿಗೆ ಹೇಳಿ. ಅವಳಿಗೆ ತಡೆದುಕೊಳ್ಳಲು ಆಗುವುದಿಲ್ಲ ಅಂತ ನೀವೇ ತೀರ್ಮಾನ ಮಾಡಬೇಡಿ. ನೋವನ್ನೇ ತಡೆದುಕೊಂಡವಳು ಅದರ ಹೆಸರನ್ನು ತಡೆದುಕೊಳ್ಳುತ್ತಾಳೆ.

ಇದು ಯಾಕೆ ಹೆಂಗಸರ ವಿಷಯ ಅಂತ ಕೇಳಬಹುದು. ರೋಗನಿರೋಧಕ ಶಕ್ತಿಯೇ ತಿರುಗಿ ಬೀಳುವ ಈ ಜಾತಿಯ ಕಾಯಿಲೆಗಳು ನಮ್ಮನ್ನೇ ಹೆಚ್ಚು ಹಿಡಿಯುತ್ತವೆ, ಅದಕ್ಕೆ. ರುಮಟಾಯ್ಡ್ ಆರ್ಥ್ರೈಟಿಸ್ ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಜಾಸ್ತಿ. ಲೂಪಸ್ ಬಂದ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನ ಹೆಂಗಸರು. ಥೈರಾಯ್ಡ್ ಅಂತೂ ಕೇಳುವುದೇ ಬೇಡ. ಇನ್ನೊಂದು ವಿಷಯ ಬಸುರಿ ಬಾಣಂತಿಯರನ್ನು ನೋಡುವ ಎಲ್ಲರಿಗೂ ಗೊತ್ತಿರಬೇಕು. ರುಮಟಾಯ್ಡ್ ಇರುವ ಬಹಳ ಹೆಂಗಸರಿಗೆ ಬಸುರಿನಲ್ಲಿ ನೋವು ಕಡಿಮೆಯಾಗಿ, ಹೆರಿಗೆಯಾದ ಕೆಲವು ತಿಂಗಳಲ್ಲಿ ಜೋರಾಗಿ ತಿರುಗಿ ಬರುತ್ತದೆ. ಕೆಲವರಿಗೆ ಕಾಯಿಲೆ ಮೊದಲ ಸಲ ಕಾಣಿಸಿಕೊಳ್ಳುವುದೇ ಆಗ. ನಮ್ಮಲ್ಲಿ ಬಾಣಂತನ ಚೆನ್ನಾಗಿ ಮಾಡುತ್ತಾರೆ, ಬಿಸಿನೀರು, ಎಣ್ಣೆ, ಮದ್ದು ಯಾವುದಕ್ಕೂ ಕೊರತೆ ಇಲ್ಲ. ಆದರೆ ಮಗುವನ್ನು ಎತ್ತಿಕೊಳ್ಳಲು ಮಣಿಕಟ್ಟು ಆಗುತ್ತಿಲ್ಲ ಅಂತ ಅವಳು ಅಂದರೆ "ಬಾಣಂತಿ ವಾತ, ಮೂರು ತಿಂಗಳಿಗೆ ಹೋಗುತ್ತೆ" ಅಂದುಬಿಡುತ್ತಾರೆ. ಕೀಲು ಹಾಳಾಗುವುದು ಜಾಸ್ತಿ ಮೊದಲ ಒಂದೆರಡು ವರ್ಷದಲ್ಲೇ. ಆ ಸಮಯವನ್ನು ನಾವು ಎಣ್ಣೆ ತಿಕ್ಕಿಕೊಂಡೇ ಕಳೆದುಬಿಡುತ್ತೇವೆ.

ಗುರುತಿಸುವುದು ಕಷ್ಟವೇನಲ್ಲ. ಬೆಳಿಗ್ಗೆ ಎದ್ದಾಗ ಕೈ ಬಿಗಿದುಕೊಂಡು ಅರ್ಧ ಗಂಟೆ ಕಳೆದರೂ ಸಡಿಲ ಆಗುವುದಿಲ್ಲವೇ? ಬೆರಳು, ಮಣಿಕಟ್ಟು, ಕಾಲಿನ ಬೆರಳು ಇಂಥ ಸಣ್ಣ ಕೀಲುಗಳು ಎರಡೂ ಕಡೆ ಊದಿವೆಯೇ? ಹೀಗಾಗಿ ಆರು ವಾರ ಆಯಿತೇ? ಆಶಾ ಕಾರ್ಯಕರ್ತೆಯರು ಮನೆಗೆ ಬಂದು ಬಿಪಿ, ಶುಗರ್ ಕೇಳುತ್ತಾರಲ್ಲ, ಅದರ ಜೊತೆಗೇ ಇದನ್ನೂ ಕೇಳಬಹುದು. ಇದಕ್ಕೆ ಮೆಷಿನ್ ಬೇಡ, ಖರ್ಚೂ ಇಲ್ಲ.

ಇನ್ನು ಒಪ್ಪಿಕೊಳ್ಳುವುದು ಅಂದರೆ ದಿನದ ಬದುಕಿನಲ್ಲಿ ಹೇಗಿರುತ್ತದೆ ಅಂತ ಹೇಳುತ್ತೇನೆ. ದೂರದಿಂದ ನೋಡಿದವರು ಇದನ್ನು ಕೈಚೆಲ್ಲಿ ಕೂರುವುದು ಅಂದುಕೊಳ್ಳುತ್ತಾರೆ, ಅದಕ್ಕೆ ಈ ವಿವರ.

ಕೊಡಗಿನ ಮನೆಯಲ್ಲಿ ನೂಲ್‌ಪುಟ್ಟು, ಅಂದರೆ ಒತ್ತು ಶಾವಿಗೆ, ಗೊತ್ತಲ್ಲ. ಹಿಟ್ಟು ಬಿಸಿ ಇರುವಾಗಲೇ ಒರಳಿಗೆ ತುಂಬಿ ಒತ್ತಬೇಕು, ಆರಿದರೆ ಇಳಿಯುವುದಿಲ್ಲ. ಅದಕ್ಕೆ ಅಂಗೈ, ಮಣಿಕಟ್ಟು, ಭುಜ ಮೂರರ ಬಲವೂ ಬೇಕು. ನನ್ನ ಕೈಯಲ್ಲಿ ಈಗ ಅದು ಆಗುವುದಿಲ್ಲ. ಬಹಳ ದಿನ ನಾನು ಬಾಗಿಲು ಹಾಕಿಕೊಂಡು, ತುಟಿ ಕಚ್ಚಿಕೊಂಡು ಒತ್ತುತ್ತಿದ್ದೆ, ನೆಂಟರು ಬಂದಾಗಂತೂ ಇನ್ನೂ ಜಾಸ್ತಿ. ಈಗ ಹಿಟ್ಟು ಬೇಯಿಸುವುದು, ಹದ ನೋಡುವುದು ನಾನು, ಒತ್ತುವುದು ಮಗ. ನೆಂಟರ ಎದುರಿಗೇ ಒತ್ತುತ್ತಾನೆ. ಮೊದಲ ಸಲ ನಮ್ಮ ಅತ್ತೆಯ ಮುಖ ಸಣ್ಣದಾಯಿತು. ಎರಡನೇ ಸಲ ಅವರೇ ಅವನಿಗೆ ಒರಳು ತಂದುಕೊಟ್ಟರು. ಇಷ್ಟೇ. ಆದರೆ ಈ ಇಷ್ಟಕ್ಕೆ ಬರಲು ನನಗೆ ಎಷ್ಟೋ ಮಳೆಗಾಲ ಹಿಡಿಯಿತು.

ಸೀರೆಯ ವಿಷಯವೂ ಹಾಗೇ. ನಮ್ಮ ಕೊಡವರ ಸೀರೆಯ ನೆರಿಗೆ ಹಿಂದೆ ಬರುತ್ತದೆ, ಕೈ ಬೆನ್ನ ಹಿಂದೆ ಹೋಗಬೇಕು, ಭುಜಕ್ಕೆ ಪಿನ್ ಹಾಕಬೇಕು. ಬೆರಳು ಊದಿದ ದಿನ ಆ ಪಿನ್ ಒತ್ತುವುದೇ ಆಗುವುದಿಲ್ಲ. ನೆರಿಗೆಯನ್ನು ಮೊದಲೇ ಹಿಡಿದು ಹೊಲಿಸಿಟ್ಟ ಸೀರೆ ಉಡುತ್ತೇನೆ ಈಗ. ಮದುವೆಗೆ ಹೋಗದೆ ಮನೆಯಲ್ಲಿ ಕೂರುವುದಕ್ಕಿಂತ ಅದು ಎಷ್ಟೋ ವಾಸಿ.

ಮದುವೆ ಅಂದಾಗ ನೆನಪಾಯಿತು. ನಮ್ಮವರ ಮದುವೆಯಲ್ಲಿ ಗಂಗಾ ಪೂಜೆ ಇರುತ್ತದೆ. ಹೊಸ ಮದುಮಗಳು ತಲೆಯ ಮೇಲೆ ನೀರಿನ ಕೊಡ ಹೊತ್ತು ಬರುತ್ತಾಳೆ, ಗಂಡಿನ ಕಡೆಯವರು ಅವಳ ಮುಂದೆ ದಾರಿ ಬಿಡದೆ ವಾಲಗಕ್ಕೆ ಕುಣಿಯುತ್ತಾರೆ. ಗಂಟೆಗಟ್ಟಲೆ ಕುಣಿದವರೂ ಇದ್ದಾರೆ, ಅವಳು ಕೊಡ ಹಿಡಿದು ನಿಂತಿರಬೇಕು. ನನಗೆ ಗೊತ್ತಿರುವ ಒಬ್ಬ ಹುಡುಗಿಗೆ ಇದೇ ಕಾಯಿಲೆ. ಅವಳು ಮದುವೆಗೆ ಮುಂಚೆಯೇ ಗಂಡಿನ ಮನೆಗೆ ಎಲ್ಲವನ್ನೂ ಹೇಳಿದಳು. ಕಾಯಿಲೆಯ ಹೆಸರು, ತೆಗೆದುಕೊಳ್ಳುವ ಮಾತ್ರೆ, ಮಗು ಬೇಕು ಅಂದಾಗ ಕೆಲವು ತಿಂಗಳು ಮುಂಚೆಯೇ ಡಾಕ್ಟರ ಜೊತೆ ಮಾತಾಡಿ ಮಾತ್ರೆ ಬದಲಾಯಿಸಬೇಕು ಎನ್ನುವುದು, ಎಲ್ಲ. ಮುಚ್ಚಿಡು ಅಂತ ಅವಳ ಕಡೆಯ ದೊಡ್ಡವರೇ ಹೇಳಿದ್ದರು. ಮುಚ್ಚಿಡಲಿಲ್ಲ. ಮದುವೆಯ ದಿನ ಆ ಮನೆಯವರು ಸಣ್ಣ ಕೊಡ ಇಟ್ಟರು, ಸ್ವಲ್ಪ ಹೊತ್ತು ಕುಣಿದು ದಾರಿ ಬಿಟ್ಟರು. ಸಂಪ್ರದಾಯ ಎಲ್ಲಿಗೂ ಹೋಗಲಿಲ್ಲ. ಕುಣಿದವರಿಗೆ ಸಂತೋಷವೂ ಕಡಿಮೆಯಾಗಲಿಲ್ಲ. ಅವಳ ಧೈರ್ಯ ನೋಡಿ ನಾನು ಕಲಿತೆ, ವಯಸ್ಸಿನಲ್ಲಿ ನನಗಿಂತ ಚಿಕ್ಕವಳು ಅವಳು.

ಇದು ಒಂದು ಸಲ ಕಲಿತರೆ ಮುಗಿಯುವ ಪಾಠವೂ ಅಲ್ಲ. ಕಾಯಿಲೆ ಕೆರಳಿದಾಗಲೆಲ್ಲ ಮತ್ತೆ ಮೊದಲಿನಿಂದ. ಸ್ಟೀರಾಯ್ಡ್ ಕೊಟ್ಟಾಗ ನನ್ನ ಮುಖ ದುಂಡಗೆ ಊದಿಕೊಂಡಿತು, ಕನ್ನಡಿ ನೋಡಲು ಮನಸ್ಸಾಗುತ್ತಿರಲಿಲ್ಲ. ಆಗಲೇ ಜನ "ಪರವಾಗಿಲ್ವೇ, ತುಂಬಿಕೊಂಡು ಚೆನ್ನಾಗಿದ್ದೀಯ" ಅನ್ನುತ್ತಿದ್ದರು. ಮುಖ ಇಳಿದ ಮೇಲೆ, ಅಂದರೆ ನಾನು ನಿಜವಾಗಿಯೂ ಸುಧಾರಿಸಿದ ಮೇಲೆ, "ಅಯ್ಯೋ, ಎಷ್ಟು ಸೊರಗಿದ್ದೀಯ" ಅಂದರು. ದಯವಿಟ್ಟು ಹೆಂಗಸಿನ ಮೈ ನೋಡಿ ಅವಳ ಆರೋಗ್ಯ ಹೇಳಬೇಡಿ. ಹೇಗಿದ್ದೀಯ ಅಂತ ಕೇಳಿ, ಅವಳು ಹೇಳಿದ್ದನ್ನು ನಂಬಿ. ಸುಸ್ತು ಅಂದರೆ ಸುಸ್ತು. ಈ ಕಾಯಿಲೆಯಲ್ಲಿ ಸುಸ್ತು ಕೂಡ ಕಾಯಿಲೆಯ ಒಂದು ಭಾಗ, ನಿದ್ದೆ ಮಾಡಿದರೂ ಹೋಗುವುದಿಲ್ಲ. ಮಧ್ಯಾಹ್ನ ಮಲಗಿದ ಸೊಸೆಯನ್ನು ಸೋಮಾರಿ ಅನ್ನುವ ಮುಂಚೆ ಇದೊಂದು ನೆನಪಿರಲಿ.

ಮಳೆಯ ಬಗ್ಗೆಯೂ ಒಂದು ಮಾತು. ಜೂನ್‌ನಿಂದ ಆಗಸ್ಟ್ ತನಕ ನಮ್ಮಲ್ಲಿ ಬಟ್ಟೆ ಒಣಗುವುದಿಲ್ಲ, ಹಾಸಿಗೆ ತಣ್ಣಗೆ, ಗೋಡೆ ತಣ್ಣಗೆ. ಮಳೆಯಿಂದ ಈ ಕಾಯಿಲೆ ಬರುವುದಿಲ್ಲ, ಆದರೆ ಶೀತದಲ್ಲಿ ನೋವು, ಬಿಗಿತ ಜಾಸ್ತಿ ಅಂತ ನಮ್ಮಲ್ಲಿ ಬಹಳ ಜನ ಹೇಳುತ್ತಾರೆ, ನನ್ನ ಅನುಭವವೂ ಅದೇ. ಅದೇ ಸಮಯಕ್ಕೆ ಕಕ್ಕಡ ತಿಂಗಳು ಬರುತ್ತದೆ. ಹದಿನೆಂಟನೇ ದಿನದ ಮದ್ದು ಸೊಪ್ಪಿನ ಪಾಯಸ ನಾನೂ ಮಾಡುತ್ತೇನೆ, ಆ ನೇರಳೆ ಬಣ್ಣ, ಆ ಪರಿಮಳ ನಮ್ಮದು, ಬಿಡುವುದಿಲ್ಲ. ಆದರೆ ಪಾಯಸ ಕುಡಿದೆಯಲ್ಲ, ಇನ್ನು ಇಂಗ್ಲಿಷ್ ಮಾತ್ರೆ ಯಾಕೆ ಅನ್ನುವವರ ಮಾತು ಕೇಳಿ ಮಾತ್ರೆ ನಿಲ್ಲಿಸಿದವರನ್ನೂ ನೋಡಿದ್ದೇನೆ. ಡಾಕ್ಟರ್‌ಗಳೇ, ನಾಟಿ ಮದ್ದಿನ ಹೆಸರು ಎತ್ತಿದ ಕೂಡಲೇ ಗದರಬೇಡಿ. ಗದರಿದರೆ ಮುಂದಿನ ಸಲ ಹೇಳುವುದಿಲ್ಲ, ಅಷ್ಟೇ ವ್ಯತ್ಯಾಸ. ಏನು ತೆಗೆದುಕೊಳ್ಳುತ್ತೀಯಮ್ಮ ಅಂತ ಕೇಳಿ ತಿಳಿದುಕೊಳ್ಳಿ.

ಮಾತ್ರೆಯ ವಿಷಯಕ್ಕೆ ಬಂದೆ, ಇದು ಜೀವದ ಪ್ರಶ್ನೆ. ಈ ಕಾಯಿಲೆಗೆ ಮೊದಲು ಕೊಡುವ ಮೆಥೊಟ್ರೆಕ್ಸೇಟ್ ಅನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ಬೇರೆ ದಿನ ಫೋಲಿಕ್ ಆ್ಯಸಿಡ್. ಮೆಥೊಟ್ರೆಕ್ಸೇಟನ್ನೇ ದಿನಾ ತೆಗೆದುಕೊಂಡರೆ ರಕ್ತಕಣ ಕುಸಿದು, ಬಾಯಿ ಹುಣ್ಣಾಗಿ, ಪ್ರಾಣಕ್ಕೇ ಅಪಾಯ. ಎರಡೂ ಸಣ್ಣ ಹಳದಿ ಮಾತ್ರೆ, ಗೊಂದಲ ಆಗುವುದು ಸುಲಭ. ಚೀಟಿ ಇರುವುದು ಇಂಗ್ಲಿಷಿನಲ್ಲಿ, ಅದನ್ನು ಓದಿದವನು ಗಂಡ, ಮಾತ್ರೆ ನುಂಗುವವಳು ಹೆಂಡತಿ. ವಾರದ ಯಾವ ದಿನ ಅಂತ ಕನ್ನಡದಲ್ಲಿ ದೊಡ್ಡದಾಗಿ ಪ್ಯಾಕೆಟ್ ಮೇಲೆ ಬರೆದುಕೊಡಿ. ಓದು ಬಾರದವರಿಗೆ ಅವರ ಊರಿನ ಸಂತೆಯ ದಿನ ಯಾವುದು ಅಂತ ಕೇಳಿ, ಆ ದಿನವೇ ತೆಗೆದುಕೊ ಅಂತ ಹೇಳಿ. ಯಾರೂ ಮರೆಯುವುದಿಲ್ಲ.

ನಾನು ಇಷ್ಟೆಲ್ಲ ಬರೆಯುತ್ತಿರುವುದು ನನಗೆ ಮನೆ ಇದೆ, ಸಣ್ಣ ತೋಟ ಇದೆ, ಕೆಲಸ ಹಂಚಿಕೊಳ್ಳುವ ಮಗ ಇದ್ದಾನೆ ಅನ್ನುವ ಬಲದಿಂದ. ತೋಟದ ಕೂಲಿಯವರ ಲೈನ್ ಮನೆಯಲ್ಲಿರುವ ಹೆಂಗಸಿಗೆ ಇದು ಯಾವುದೂ ಇಲ್ಲ. ಜನವರಿ ಬಂತೆಂದರೆ ರೋಬಸ್ಟಾ ಕೊಯ್ಲು, ಕೆ.ಜಿ. ಲೆಕ್ಕದಲ್ಲಿ ಕೂಲಿ. ಬೆರಳು ಬಿಗಿದ ದಿನ ಹಣ್ಣು ಕಡಿಮೆ, ಹಣ್ಣು ಕಡಿಮೆಯಾದರೆ ದುಡ್ಡು ಕಡಿಮೆ. ಅಸ್ಸಾಂ ಕಡೆಯಿಂದ ಬಂದವಳಾದರೆ ನೋವು ಎಲ್ಲಿ ಅಂತ ಹೇಳಲು ಭಾಷೆಯೂ ಇಲ್ಲ. ಅವಳಿಗೆ ನಿನ್ನನ್ನು ನೀನು ಪ್ರೀತಿಸು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ತೋಟದ ಮಾಲೀಕರೇ, ಅಂಥವರಿಗೆ ಬೆಳಗಿನ ಚಳಿ ಬಿಟ್ಟ ಮೇಲೆ ಕೆಲಸ ಶುರು ಮಾಡಲು ಬಿಡಿ. ಕಣದಲ್ಲಿ ಕೂತು ಹಣ್ಣು ಆರಿಸುವ ಕೆಲಸ ಕೊಡಿ. ನಾವೂ ಕೊಡುತ್ತಿದ್ದೇವೆ, ತೋಟ ಮುಳುಗಿಲ್ಲ.

ಆದಿವಾಸಿಗಳ ಹಾಡಿಗಳಲ್ಲಿ ಇನ್ನೊಂದು ಕಾಯಿಲೆ ಇದೆ, ಸಿಕಲ್ ಸೆಲ್. ಅದು ಹುಟ್ಟಿನಿಂದಲೇ ರಕ್ತದಲ್ಲಿ ಬರುವುದು. ಚಳಿ, ನೀರು ಕಡಿಮೆ ಕುಡಿಯುವುದು, ಮೈಮುರಿದು ದುಡಿಯುವುದು, ಇವೆಲ್ಲ ಸೇರಿದರೆ ತಡೆಯಲಾಗದ ನೋವು ಎದ್ದುಬಿಡುತ್ತದೆ. ಕೇಂದ್ರ ಸರ್ಕಾರ 2023ರಲ್ಲಿ ಇದಕ್ಕೆಂದೇ ಮಿಷನ್ ಶುರು ಮಾಡಿತು, 40 ವರ್ಷದೊಳಗಿನವರ ರಕ್ತ ಪರೀಕ್ಷೆ ಮಾಡಿ ಕಾರ್ಡ್ ಕೊಡುತ್ತಾರೆ. ಒಳ್ಳೆಯ ಕೆಲಸ. ಆದರೆ ಕಾರ್ಡಿನಲ್ಲಿ ಏನಿದೆ ಅಂತ ಆ ಹುಡುಗಿಗೆ ಅವಳ ಭಾಷೆಯಲ್ಲಿ, ಅವಳ ಹಾಡಿಯವರನ್ನೇ ಜೊತೆಗಿಟ್ಟುಕೊಂಡು ಹೇಳಿ. ಇಲ್ಲದಿದ್ದರೆ ಆ ಕಾರ್ಡ್ ಮದುವೆ ಮುರಿಯುವ ಕಾಗದ ಆಗುತ್ತದೆ, ಅದರ ಭಾರವನ್ನೂ ಹುಡುಗಿಯೇ ಹೊರುತ್ತಾಳೆ. ಎರಡೂ ಕಡೆಯಿಂದ ಬಂದರೆ ಮಾತ್ರ ಮಗುವಿಗೆ ಕಾಯಿಲೆ ಬರುವುದು ಅನ್ನುವುದನ್ನು ಹುಡುಗರಿಗೂ ಕೂರಿಸಿ ಹೇಳಬೇಕು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧಗಳ ಪಟ್ಟಿಯಲ್ಲಿ ಸಿಕಲ್ ಸೆಲ್ ಇದೆ. ನಮ್ಮ ಕಾಯಿಲೆಯ ಹೆಸರಿಲ್ಲ. ಕೀಲು ಕೆಟ್ಟು ಚಲನೆ ಕಡಿಮೆಯಾದ ಮೇಲೆ ಅಳೆದು ಸರ್ಟಿಫಿಕೇಟ್ ಕೊಡುತ್ತಾರೆ, ಸೌಲಭ್ಯಗಳಿಗೆ ಶೇ. 40 ವೈಕಲ್ಯ ಇರಬೇಕು. ಅಂದರೆ ಚೆನ್ನಾಗಿ ಚಿಕಿತ್ಸೆ ಮಾಡಿಕೊಂಡು ಬೆರಳು ಉಳಿಸಿಕೊಂಡವಳಿಗೆ ಏನೂ ಇಲ್ಲ. ಇದು ಜಿಲ್ಲೆಯ ಕೈಯಲ್ಲಿ ಇಲ್ಲ ಅಂತ ಗೊತ್ತು. ಆದರೂ ಮೇಲಕ್ಕೆ ಬರೆಯುವಾಗ ಇದನ್ನೂ ಬರೆಯಿರಿ.

ನಿಮ್ಮ ಕೈಯಲ್ಲಿ ಇರುವುದನ್ನು ಹೇಳುತ್ತೇನೆ. ನಾನು, ನನಗೆ ಗೊತ್ತಿರುವ ಹೆಂಗಸರು ಕೀಲಿನ ಡಾಕ್ಟರನ್ನು ನೋಡಲು ಹೋಗುವುದು ಗೋಣಿಕೊಪ್ಪ, ಹುಣಸೂರು ದಾಟಿ ಮೈಸೂರಿಗೆ, ಇಲ್ಲವೇ ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ. ನಮ್ಮ ಜಿಲ್ಲೆಗೆ ರೈಲಿಲ್ಲ. 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡು ಇಲ್ಲ, ಅದರಿಂದ ನಿಜವಾಗಿ ಉಪಕಾರವಾಗಿದೆ, ಗಂಡನ ಹತ್ತಿರ ಬಸ್ ಚಾರ್ಜ್ ಕೇಳದೆ ಹೋಗಿ ಬಂದ ಹೆಂಗಸರು ನನಗೆ ಗೊತ್ತು. ಆದರೆ ಊದಿದ ಮಂಡಿ ಇಟ್ಟುಕೊಂಡು ಬೆಳಗಿನ ಬಸ್ಸು ಹತ್ತಿ ರಾತ್ರಿ ಮನೆ ಸೇರುವುದು ಉಚಿತವಾದರೂ ಸುಲಭ ಅಲ್ಲ. ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ತಿಂಗಳಿಗೆ ಒಂದು ದಿನ, ನಿಗದಿಯಾದ ದಿನ, ಅಲ್ಲಿ ಕೀಲು ಮತ್ತು ಇಂಥ ಬಹುಕಾಲದ ಕಾಯಿಲೆಗಳಿಗೆ ಒಂದು ಕ್ಲಿನಿಕ್ ನಡೆಸಿ. ತಜ್ಞರು ಬರಲು ಆಗದಿದ್ದರೆ ಇ-ಸಂಜೀವಿನಿ ಮೂಲಕ ಪರದೆಯ ಮೇಲಾದರೂ ಸಿಗಲಿ. ಮಾತ್ರೆ ತೆಗೆದುಕೊಳ್ಳುವವರಿಗೆ ಆಗಾಗ ಬೇಕಾಗುವ ರಕ್ತ, ಲಿವರ್ ಪರೀಕ್ಷೆ ತಾಲೂಕು ಆಸ್ಪತ್ರೆಯಲ್ಲೇ ಆಗಲಿ. ಆಯುಷ್ಮಾನ್ ಕಾರ್ಡು ಅಡ್ಮಿಟ್ ಆದವರಿಗೆ ಆಸರೆ, ಆದರೆ ನಮ್ಮ ಖರ್ಚು ಇರುವುದು ಪ್ರತಿ ತಿಂಗಳ ಮಾತ್ರೆಯಲ್ಲಿ. ಆ ಮಾತ್ರೆ ಸರ್ಕಾರಿ ಔಷಧಾಲಯದಲ್ಲಿ ತಪ್ಪದೆ ಸಿಗುವ ಹಾಗೆ ಮಾಡಿ.

ಆ ಕ್ಲಿನಿಕ್ ದಿನ ಒಂದು ಕೋಣೆ, ಬೆನ್ನಿಗೆ ಆನಿಕೆ ಇರುವ ಕುರ್ಚಿಗಳು ಕೊಡಿ. ಬೇರೇನೂ ಬೇಡ. ಪರೀಕ್ಷೆ ಮುಗಿಸಿದ ಹೆಂಗಸರು ಒಂದು ಗಂಟೆ ಕೂತು ಮಾತಾಡಲಿ. ನಾವು ಕೆಲವರು ಈಗಾಗಲೇ ಹೀಗೆ ಒಬ್ಬರ ಮನೆಯಲ್ಲಿ ಸೇರುತ್ತೇವೆ. ಸೋಮವಾರಪೇಟೆ ಕಡೆಯ ಒಬ್ಬ ಅಕ್ಕ ಮೊದಲ ಸಲ ಬಂದಾಗ ಸೆರಗಿನೊಳಗೆ ಕೈ ಮುಚ್ಚಿಕೊಂಡೇ ಕೂತಿದ್ದರು. ಎದುರಿಗೆ ಕೂತವರ ಬೆರಳೂ ತಮ್ಮ ಬೆರಳಿನ ಹಾಗೇ ಬಾಗಿರುವುದನ್ನು ನೋಡಿದ ಮೇಲೆ ಕೈ ಹೊರಗೆ ತೆಗೆದು ಕಾಫಿ ಲೋಟ ಎರಡೂ ಕೈಯಲ್ಲಿ ಹಿಡಿದರು. ಯಾವ ಉಪದೇಶದಿಂದಲೂ ಆಗದ್ದು ಅಷ್ಟರಲ್ಲಿ ಆಯಿತು. ಮನಸ್ಸು ತೀರಾ ಕುಸಿದವರಿಗೆ ಟೆಲಿ-ಮಾನಸ್ ಸಹಾಯವಾಣಿ ಇದೆ, 14416, ಕನ್ನಡದಲ್ಲೇ ಮಾತಾಡಬಹುದು. ಆ ನಂಬರನ್ನು ಆಸ್ಪತ್ರೆಯ ಹೆಂಗಸರ ಶೌಚಾಲಯದ ಬಾಗಿಲ ಒಳಗಡೆ ಅಂಟಿಸಿ. ಅಲ್ಲಿ ಅವಳು ಒಬ್ಬಳೇ ಇರುತ್ತಾಳೆ, ಯಾರೂ ನೋಡದೆ ಬರೆದುಕೊಳ್ಳುತ್ತಾಳೆ.

ಮನೆಯವರಿಗೆ ಹೇಳುವುದು ಸ್ವಲ್ಪವೇ. ಇನ್ನೂ ಗುಣ ಆಗಿಲ್ವಾ ಅಂತ ಕೇಳುವುದನ್ನು ಬಿಡಿ. ಇವತ್ತು ಯಾವ ಕೆಲಸ ಆಗುತ್ತೆ, ಯಾವುದು ಬೇಡ ಅಂತ ಕೇಳಿ. ಅವಳು ಬೇಡ ಅಂದದ್ದನ್ನು ಮಾತಿಲ್ಲದೆ ಎತ್ತಿಕೊಳ್ಳಿ. ಡಾಕ್ಟರ ಹತ್ತಿರ ಹೋದಾಗ ಅವಳ ಪರವಾಗಿ ಉತ್ತರ ಕೊಡಬೇಡಿ, ಅವಳ ಫೈಲು ಅವಳ ಕೈಯಲ್ಲೇ ಇರಲಿ.

ಅಧಿಕಾರಿಗಳೇ, ತಿಂಗಳ ಕ್ಲಿನಿಕ್ ಮತ್ತು ಆ ಕೋಣೆಯ ಬಗ್ಗೆ ನಾವು ಕೆಲವರು ಸಹಿ ಹಾಕಿದ ಅರ್ಜಿಯನ್ನು ಮಡಿಕೇರಿಯ ನಿಮ್ಮ ಕಚೇರಿಗೆ ತಂದು ಕೊಡುತ್ತೇವೆ. ಮೆಟ್ಟಿಲು ಹತ್ತಲಾಗದವರೂ ನಮ್ಮಲ್ಲಿ ಇದ್ದಾರೆ. ನಾವು ಬರುವ ದಿನ ಕೆಳಗಡೆಯೇ ಒಂದು ಕಡೆ ಕೂರಿಸಿ ಮಾತಾಡಿದರೆ ಉಪಕಾರವಾಗುತ್ತದೆ.

ಇಂತಿ,
ವಿರಾಜಪೇಟೆ ತಾಲೂಕಿನ ಒಬ್ಬ ಹೆಣ್ಣುಮಗಳು